ಚುಕ್ಕಿ ಗೆರೆಯ ಹಿಂದಿನ ಬೆಳಕು: ಸರ್ ಸಿ.ವಿ. ರಾಮನ್ ಅವರ ಬದುಕು



ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರ ಆ ದಿನ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರು ರಾಮನ್ ಪರಿಣಾಮವನ್ನು ಕಂಡುಹಿಡಿದರು, 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು ಎಂಬುದು ನಮಗೆಲ್ಲ ಬಾಯಿಪಾಠ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅವರು ಕಂಡದ್ದು ಏನು, ಅದರಿಂದ ನಮಗೇನು ಎಂದು ಕೇಳಿದರೆ ನಮ್ಮಲ್ಲಿ ಹಲವರು ಸುಮ್ಮನಾಗುತ್ತೇವೆ.

ರಸಾಯನಶಾಸ್ತ್ರದ ಪುಸ್ತಕವನ್ನು ಒಮ್ಮೆ ತೆರೆಯಿರಿ. ನೀರಿನ ಅಣುಗಳ ಚಿತ್ರದಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ ಗಟ್ಟಿ ಗೆರೆ ಇರುತ್ತದೆ. ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಕ್ಸಿಜನ್‌ಗೂ ನಡುವೆ ಚುಕ್ಕಿ ಚುಕ್ಕಿಯ ಗೆರೆ ಇರುತ್ತದೆ. ಅದೇ ಹೈಡ್ರೋಜನ್ ಬಂಧ. ಪರೀಕ್ಷೆಯಲ್ಲಿ ನಾವು ಆ ಚುಕ್ಕಿಗಳನ್ನು ಅಂದವಾಗಿ ಇಟ್ಟು ಅಂಕ ಪಡೆಯುತ್ತೇವೆ. ಆದರೆ ಕಣ್ಣಿಗೆ ಕಾಣದ ಅಣುಗಳ ನಡುವೆ ಅಂಥದ್ದೊಂದು ಎಳೆತ ನಿಜವಾಗಿ ಇದೆ ಎಂದು ಹೇಗೆ ಗೊತ್ತಾಯಿತು? ಅದನ್ನು ಅಳೆಯಲು ಇರುವ ದಾರಿಗಳಲ್ಲಿ ಬಹು ಮುಖ್ಯವಾದ ಒಂದನ್ನು ತೆರೆದವರು ರಾಮನ್ ಅವರು. ಅವರ ಬದುಕನ್ನು ಈ ಚುಕ್ಕಿ ಗೆರೆಯ ಜೊತೆಗೇ ಓದೋಣ.

ಲೆಕ್ಕಪತ್ರದ ಅಧಿಕಾರಿ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜು ಉಪನ್ಯಾಸಕರು, ತಾಯಿ ಪಾರ್ವತಿ ಅಮ್ಮಾಳ್. ತಂದೆಯ ಕೆಲಸದಿಂದಾಗಿ ಬಾಲ್ಯ ಕಳೆದದ್ದು ವಿಶಾಖಪಟ್ಟಣದ ಕಡಲ ತೀರದಲ್ಲಿ. 11ನೇ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ 1904ರಲ್ಲಿ ಬಿ.ಎ. ಪದವಿ ಪಡೆದರು, ಭೌತಶಾಸ್ತ್ರದಲ್ಲಿ ಚಿನ್ನದ ಪದಕ ಗಳಿಸಿದರು. ಎಂ.ಎ. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಅಂದಿನ ಕಾಲದಲ್ಲಿ ಇಂಥ ಹುಡುಗರು ಮುಂದಿನ ಓದಿಗೆ ಇಂಗ್ಲೆಂಡಿಗೆ ಹೋಗುತ್ತಿದ್ದರು. ಆದರೆ ರಾಮನ್ ಅವರ ಮೈಕಟ್ಟು ತೀರಾ ಸಣಕಲು. ಅಲ್ಲಿನ ಚಳಿಯನ್ನು ಈ ದೇಹ ತಾಳದು ಎಂದು ವೈದ್ಯರು ತಡೆದರು. ಸಂಶೋಧನೆಯನ್ನೇ ನಂಬಿ ಹೊಟ್ಟೆ ಹೊರೆಯುವ ದಾರಿ ಆಗ ಭಾರತದಲ್ಲಿ ಇರಲಿಲ್ಲ. ಹಾಗಾಗಿ ಅವರು ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದರು. 1907ರಲ್ಲಿ ಲೋಕಸುಂದರಿ ಅವರೊಂದಿಗೆ ಮದುವೆಯಾಯಿತು, ಅದೇ ವರ್ಷ ಕಲ್ಕತ್ತೆಯಲ್ಲಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾದರು. ವಯಸ್ಸು ಇನ್ನೂ 18.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯೊಂದಿತ್ತು. ಭಾರತೀಯರು ತಾವೇ ಸಂಶೋಧನೆ ಮಾಡಲಿ ಎಂಬುದು ಅದನ್ನು ಕಟ್ಟಿದವರ ಆಸೆ, ಆದರೆ ಅಲ್ಲಿನ ಪ್ರಯೋಗಾಲಯ ಹೆಚ್ಚು ಬಳಕೆಯಿಲ್ಲದೆ ಬಿದ್ದಿತ್ತು. ರಾಮನ್ ಅವರು ಅಲ್ಲಿಗೆ ಹೋಗಿ ಕೆಲಸ ಮಾಡಲು ಅವಕಾಶ ಕೇಳಿದರು. ಅಂದಿನಿಂದ ಬೆಳಗಿನ ಜಾವ ಪ್ರಯೋಗಾಲಯ, ಹಗಲು ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ಹತ್ತು ವರ್ಷ ಹೀಗೇ ನಡೆಯಿತು. ಆ ಸಂಸ್ಥೆಯ ಆಶುತೋಷ್ ಡೇ ಅವರ ಬಲಗೈಯಾಗಿ ನಿಂತರು.

ಆ ವರ್ಷಗಳಲ್ಲಿ ರಾಮನ್ ಅವರು ಹೆಚ್ಚಾಗಿ ಅಧ್ಯಯನ ಮಾಡಿದ್ದು ಕಂಪನಗಳನ್ನು. ಪಿಟೀಲು, ವೀಣೆ, ತಂಬೂರಿಯ ತಂತಿಗಳು ಹೇಗೆ ನಡುಗುತ್ತವೆ? ಸಾಮಾನ್ಯ ಚರ್ಮವಾದ್ಯದ ಸದ್ದು ಕರ್ಕಶವಾಗಿದ್ದರೂ ಮೃದಂಗ, ತಬಲಾ ಇಂಪಾಗಿ ನುಡಿಯುವುದೇಕೆ? ಚರ್ಮದ ನಡುವೆ ಹಚ್ಚುವ ಕಪ್ಪು ಲೇಪ ಕಂಪನಗಳನ್ನು ಹೊಂದಿಸಿ ಸ್ವರಗಳನ್ನು ಸರಿಗೂಡಿಸುತ್ತದೆ ಎಂದು ಅವರು ತೋರಿಸಿದರು. ತಂತಿಯ ಬಿಗಿ ಕಡಿಮೆಯಾದರೆ ಸ್ವರ ಇಳಿಯುತ್ತದೆ. ಈ ಸಣ್ಣ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1917ರಲ್ಲಿ ಸರ್ ಆಶುತೋಷ್ ಮುಖರ್ಜಿ ಅವರ ಪ್ರಯತ್ನದಿಂದ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ರಾಮನ್ ಅವರಿಗೆ ಬಂತು. ಸಂಬಳ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಸರ್ಕಾರಿ ಅಧಿಕಾರ, ಬಡ್ತಿ, ಪಿಂಚಣಿ ಎಲ್ಲವನ್ನೂ ಬಿಟ್ಟು ಅವರು ಅಧ್ಯಾಪಕರಾದರು.

ನೀಲಿ ಕಡಲು, ಹಸಿರು ಗ್ಲಿಸರಿನ್

1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಅವರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಮರಳುವಾಗ ನರ್ಕುಂದಾ ಎಂಬ ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ದೊಡ್ಡ ವಿಜ್ಞಾನಿ ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಅವರ ಬಳಿ ನಿಕಾಲ್ ಪ್ರಿಸಮ್ ಎಂಬ ಸಣ್ಣ ಉಪಕರಣವಿತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಅಳಿಸಿಹೋಗುತ್ತದೆ. ಹಾಗೆ ಹಿಡಿದು ನೋಡಿದರು. ಪ್ರತಿಬಿಂಬ ಮರೆಯಾಯಿತು, ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ಬರೆದ ಪತ್ರ ಮುಂಬಯಿ ಬಂದರಿನಿಂದಲೇ ನೇಚರ್ ಪತ್ರಿಕೆಗೆ ಹೋಯಿತು.

ಕಲ್ಕತ್ತೆಗೆ ಬಂದವರೇ ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ದ್ರವಗಳು ಬೆಳಕನ್ನು ಚದುರಿಸುವ ಬಗೆಯನ್ನು ಹಿಂಬಾಲಿಸಿದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ ಮೂಲ ಬಣ್ಣವಲ್ಲದ ಬೇರೊಂದು ಮಸುಕು ಬೆಳಕು ಕಂಡಿತು. ದ್ರವದಲ್ಲಿ ಕೊಳೆ ಇರಬಹುದು ಎಂದುಕೊಂಡು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. 1927ರ ಕೊನೆಗೆ ವೆಂಕಟೇಶ್ವರನ್ ಎಂಬ ಸಹೋದ್ಯೋಗಿ ಶುದ್ಧ ಗ್ಲಿಸರಿನ್ ಮೂಲಕ ಸೂರ್ಯನ ಬೆಳಕು ಹಾಯಿಸಿದಾಗ ಚದುರಿದ ಬೆಳಕು ನೀಲಿಯ ಬದಲು ಹಸಿರಾಗಿ ಹೊಳೆಯಿತು. ಅದು ಧ್ರುವೀಕರಣವನ್ನೂ ಪಡೆದಿತ್ತು, ಅಂದರೆ ಸಾಮಾನ್ಯ ಪ್ರತಿದೀಪ್ತಿಯಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಪ್ರಯೋಗಾಲಯಗಳಲ್ಲೂ ಇರುವ ಗ್ಲಿಸರಿನ್ ಅಷ್ಟು ಮಂದವಾಗಿ ಹರಿಯುವುದು ಹೈಡ್ರೋಜನ್ ಬಂಧಗಳಿಂದಲೇ. ಅದರ ಒಂದೊಂದು ಅಣುವಿನಲ್ಲೂ ಮೂರು ಓಎಚ್ ಗುಂಪುಗಳು, ಎಲ್ಲವೂ ನೆರೆಯ ಅಣುಗಳನ್ನು ಹಿಡಿದುಕೊಂಡಿರುತ್ತವೆ. ರಾಮನ್ ಅವರ ದಾರಿಯಲ್ಲಿ ಸಿಕ್ಕ ನೀರು, ಗ್ಲಿಸರಿನ್, ಮಂಜುಗಡ್ಡೆ ಎಲ್ಲವೂ ಚುಕ್ಕಿ ಗೆರೆಯ ಪದಾರ್ಥಗಳೇ. ಆದರೆ ಆಗ ಅದು ಅವರ ಪ್ರಶ್ನೆಯಾಗಿರಲಿಲ್ಲ.

1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಅವರು ಒಂದರ ಮೇಲೊಂದರಂತೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲೂ ಆ ಹೊಸ ಬೆಳಕು ಇತ್ತು. ಫೆಬ್ರವರಿ 28ರಂದು ಪಾದರಸದ ದೀಪದ ಒಂದೇ ಬಣ್ಣದ ಬೆಳಕನ್ನು ಹಾಯಿಸಿ, ಚದುರಿದ ಬೆಳಕನ್ನು ಸಣ್ಣ ರೋಹಿತದರ್ಶಕದಲ್ಲಿ ನೋಡಿದಾಗ ಮೂಲ ಗೆರೆಯಿಂದ ದೂರದಲ್ಲಿ ಬೇರೆ ಬಣ್ಣದ ಬೆಳಕು ಸ್ಪಷ್ಟವಾಗಿ ನಿಂತಿತ್ತು. ಮಾರ್ಚ್ 16ರಂದು ರಾಮನ್ ಅವರು ಈ ಹೊಸ ವಿಕಿರಣದ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ದ್ರವಗಳಲ್ಲಷ್ಟೇ ಅಲ್ಲ, ಆವಿಯಲ್ಲಿ, ಮಂಜುಗಡ್ಡೆಯಲ್ಲಿ, ಗಾಜಿನಲ್ಲೂ ಅದು ಕಾಣುತ್ತದೆ ಎಂದು ಅವರು ತಿಳಿಸಿದರು. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಅವರು ಕ್ವಾರ್ಟ್ಜ್ ಹರಳಿನಲ್ಲಿ ಇದನ್ನೇ ಸ್ವತಂತ್ರವಾಗಿ ಕಂಡಿದ್ದರು. ಮೊದಲು ಪ್ರಕಟಿಸಿದವರು ರಾಮನ್. 1930ರ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. ವಿಜ್ಞಾನಕ್ಕಾಗಿ ನೊಬೆಲ್ ಪಡೆದ ಮೊದಲ ಏಷ್ಯನ್ ಅವರು. ಹಗಲಿರುಳು ಜೊತೆಗೆ ದುಡಿದ ಕೃಷ್ಣನ್ ಅವರ ಪಾಲನ್ನೂ ನಾವು ಮರೆಯಬಾರದು.

ಅಣುವಿನ ಸ್ವರ

ಹಾಗಾದರೆ ಆ ಬಣ್ಣ ಬದಲಾದದ್ದೇಕೆ? ಅಣುವಿನೊಳಗಿನ ಪರಮಾಣುಗಳು ಸುಮ್ಮನಿರುವುದಿಲ್ಲ, ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಸದಾ ಕಂಪಿಸುತ್ತವೆ. ಅಣುವಿಗೆ ಬಡಿದ ಬೆಳಕಿನಲ್ಲಿ ಬಹುಪಾಲು ಬಣ್ಣ ಬದಲಾಗದೆ ಚದುರುತ್ತದೆ. ಅತಿ ಸಣ್ಣ ಪಾಲು ಮಾತ್ರ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಆ ಕಂಪನಕ್ಕೆ ಕೊಟ್ಟು, ಇಲ್ಲವೇ ಅದರಿಂದ ಪಡೆದು, ಬೇರೆ ಬಣ್ಣವಾಗಿ ಹೊರಬರುತ್ತದೆ. ಎಷ್ಟು ಕೊಟ್ಟಿತು ಎಂದು ಅಳೆದರೆ ಅಣುವಿನ ಸ್ವರವೇ ತಿಳಿದಂತೆ. ಈ ಸ್ವರವನ್ನು ವಿಜ್ಞಾನಿಗಳು ತರಂಗಸಂಖ್ಯೆಯಲ್ಲಿ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಲೆಕ್ಕದಲ್ಲಿ ಹೇಳುತ್ತಾರೆ.

ಈಗ ಚುಕ್ಕಿ ಗೆರೆಗೆ ಬರೋಣ. ತಾಯಿ ಮಗುವಿನ ಒಂದು ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಾಳೆ ಎಂದುಕೊಳ್ಳಿ. ಇನ್ನೊಂದು ಕೈಯನ್ನು ಪಕ್ಕದ ಮನೆಯವರು ಮೆಲ್ಲಗೆ ಎಳೆದರೆ ಮಗು ಅತ್ತ ಸ್ವಲ್ಪ ವಾಲುತ್ತದೆ, ತಾಯಿಯ ಹಿಡಿತ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಹೈಡ್ರೋಜನ್ ಆ ಮಗು, ಸ್ವಂತ ಅಣುವಿನ ಆಕ್ಸಿಜನ್ ತಾಯಿ, ಪಕ್ಕದ ಅಣುವಿನ ಆಕ್ಸಿಜನ್ ನೆರೆಮನೆಯವರು. ತಂತಿ ಸಡಿಲವಾದರೆ ಸ್ವರ ಇಳಿಯುತ್ತದೆ ಎಂದೆವಲ್ಲ, ಇಲ್ಲೂ ಹಾಗೆಯೇ. ಒಂಟಿಯಾಗಿ ತೇಲುವ ಆವಿಯ ಅಣುವಿನಲ್ಲಿ ಓಎಚ್ ಕಂಪನದ ತರಂಗಸಂಖ್ಯೆ ಸುಮಾರು 3650. ದ್ರವ ನೀರಿನಲ್ಲಿ ಅದು 3400ರ ಆಸುಪಾಸಿಗೆ ಇಳಿದು ಅಗಲವಾದ ಪಟ್ಟಿಯಾಗುತ್ತದೆ, ಏಕೆಂದರೆ ಅಲ್ಲಿ ಹಿಡಿತಗಳು ಕ್ಷಣ ಕ್ಷಣಕ್ಕೂ ಕಳಚಿ ಕೂಡಿಕೊಳ್ಳುತ್ತಿರುತ್ತವೆ. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ನಾಲ್ಕು ನೆರೆಯ ಅಣುಗಳಿಗೆ ಕಟ್ಟುಬಿದ್ದಿರುವುದರಿಂದ ಮುಖ್ಯ ಗೆರೆ 3200ಕ್ಕೂ ಕೆಳಗೆ ಬರುತ್ತದೆ. 1930ರ ಸುಮಾರಿಗೇ ಐ. ರಾಮಕೃಷ್ಣ ರಾವ್ ಅವರು ನೀರಿನ ಬೇರೆ ಬೇರೆ ಸ್ಥಿತಿಗಳಲ್ಲಿ ರಾಮನ್ ರೋಹಿತವನ್ನು ಅಳೆದು ಈ ವ್ಯತ್ಯಾಸವನ್ನು ತೋರಿಸಿದರು.

ಹರಳುಗಳ ಅಧ್ಯಯನಕ್ಕೆ ಎಕ್ಸ್ ಕಿರಣಗಳು ಇದ್ದವಲ್ಲ ಎಂದು ನೀವು ಕೇಳಬಹುದು. ಎಕ್ಸ್ ಕಿರಣಗಳು ಪರಮಾಣುಗಳನ್ನು ಗುರುತಿಸುವುದು ಅವುಗಳ ಎಲೆಕ್ಟ್ರಾನುಗಳಿಂದ. ಹೈಡ್ರೋಜನ್‌ಗೆ ಇರುವುದು ಒಂದೇ ಎಲೆಕ್ಟ್ರಾನ್, ಅದೂ ಬಂಧದಲ್ಲಿ ಹಂಚಿಹೋಗಿರುತ್ತದೆ. ಹಾಗಾಗಿ ದೊಡ್ಡ ಪರಮಾಣುಗಳ ನಡುವೆ ಅದು ಮಸುಕಾಗಿಬಿಡುತ್ತದೆ. ಆದರೆ ಕಂಪನದ ರೋಹಿತದಲ್ಲಿ ಈ ಪುಟ್ಟ ಪರಮಾಣುವಿನ ದನಿಯೇ ಎತ್ತರದ್ದು. ಬಂಧ ಬಲವಾದಷ್ಟೂ ಸ್ವರ ಇಳಿಯುವುದರಿಂದ, ಇಳಿದ ಪ್ರಮಾಣವೇ ಹೈಡ್ರೋಜನ್ ಬಂಧದ ಬಲಕ್ಕೆ ಅಳತೆಗೋಲಾಯಿತು.

ಬೆಂಗಳೂರಿನ ದಿನಗಳು

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರು ಅವರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದಕ್ಕೆ ಮೈಸೂರು ಮಹಾರಾಜರು ಜಮೀನು ಕೊಟ್ಟರು.

ದೊಡ್ಡವರ ಬದುಕಿನಲ್ಲಿ ಒಪ್ಪಲಾಗದ ಸಂಗತಿಗಳೂ ಇರುತ್ತವೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ಯುವತಿ ಸಂಶೋಧನೆಗೆ ಅರ್ಜಿ ಹಾಕಿದಾಗ, ಹೆಣ್ಣುಮಗಳು ಎಂಬ ಕಾರಣಕ್ಕೆ ರಾಮನ್ ಅವರು ಪ್ರವೇಶ ನಿರಾಕರಿಸಿದರು. ಆಕೆ ಬಿಡಲಿಲ್ಲ, ಬೆಂಗಳೂರಿಗೇ ಬಂದು ಹಟ ಹಿಡಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಇರಲು ಒಪ್ಪಿಗೆ ಸಿಕ್ಕಿತು. ಆ ವರ್ಷದ ಕೆಲಸ ನೋಡಿ ರಾಮನ್ ಅವರು ಮನಸ್ಸು ಬದಲಿಸಿದರು, ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಆಕೆಯೇ ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಕಮಲಾ ಸೊಹೋನಿ. ಕೆಲವು ವರ್ಷಗಳ ಬಳಿಕ ಅಣ್ಣಾ ಮಣಿ ಅವರು ರಾಮನ್ ಅವರ ಕೈಕೆಳಗೇ ವಜ್ರದ ಹರಳುಗಳ ರೋಹಿತಗಳನ್ನು ಅಧ್ಯಯನ ಮಾಡಿದರು, ಮುಂದೆ ದೇಶದ ಹೆಸರಾಂತ ಹವಾಮಾನ ವಿಜ್ಞಾನಿಯಾದರು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಿಂತಿರುವ ಪ್ರತಿ ವಿದ್ಯಾರ್ಥಿನಿಗೂ ತಿಳಿದಿರಬೇಕಾದ ಸಂಗತಿ ಇದು.

ಆಡಳಿತ ಮಂಡಳಿಯೊಂದಿಗಿನ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ರಾಮನ್ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆದರೆ ಪ್ರಾಧ್ಯಾಪಕರಾಗಿ ಅಲ್ಲೇ ಉಳಿದು ಹರಳುಗಳಲ್ಲಿ ಮುಳುಗಿದರು. 1940ರಲ್ಲಿ ಅವರು ಮತ್ತು ನೆಡುಂಗಾಡಿ ಕ್ವಾರ್ಟ್ಜ್ ಹರಳನ್ನು ಕಾಯಿಸುತ್ತಾ ಹೋದಾಗ ಅದರ ಒಂದು ಕಂಪನದ ಸ್ವರ ಮಾತ್ರ ಇಳಿದು ಮಸುಕಾಗುವುದನ್ನು ಕಂಡರು. ಹರಳು ತನ್ನ ರಚನೆಯನ್ನೇ ಬದಲಿಸಲು ಸಿದ್ಧವಾಗುತ್ತಿರುವುದರ ಸೂಚನೆ ಅದು. ದಶಕಗಳ ನಂತರ ಇದೇ ವಿಚಾರ ಜಗತ್ತಿನಾದ್ಯಂತ ದೊಡ್ಡ ಅಧ್ಯಯನವಾಯಿತು.

ಇದೇ ಹರಳುಗಳು ಅವರಿಗೆ ಸೋಲನ್ನೂ ತಂದವು. ಜರ್ಮನಿಯಿಂದ ಹೊರಬರಬೇಕಾಗಿ ಬಂದ ಮಹಾನ್ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ ಅವರೇ ಬೆಂಗಳೂರಿಗೆ ಕರೆಸಿಕೊಂಡಿದ್ದರು. ಇಲ್ಲೇ ಉಳಿಸಿಕೊಳ್ಳಲು ಯತ್ನಿಸಿದರೂ ಅದು ಕೈಗೂಡಲಿಲ್ಲ. ಹರಳಿನ ಕಂಪನಗಳು ಲೆಕ್ಕವಿಲ್ಲದಷ್ಟು ಹತ್ತಿರ ಹತ್ತಿರದ ಸ್ವರಗಳ ಹರಹು ಎಂಬುದು ಬಾರ್ನ್ ಅವರ ಸಿದ್ಧಾಂತ. ಇಲ್ಲ, ಬಿಡಿಬಿಡಿಯಾದ ಕೆಲವೇ ಸ್ವರಗಳು ಎಂದು ರಾಮನ್ 1940ರ ದಶಕದಲ್ಲಿ ವಾದಿಸಿದರು. ರೋಹಿತದಲ್ಲಿ ತಮ್ಮ ಕಣ್ಣಿಗೆ ಕಂಡ ಚೂಪು ಗೆರೆಗಳೇ ಅವರಿಗೆ ಸಾಕ್ಷಿ. ಆದರೆ ಆ ಗೆರೆಗಳನ್ನು ಬಾರ್ನ್ ಸಿದ್ಧಾಂತವೂ ವಿವರಿಸಬಲ್ಲದಾಗಿತ್ತು. 1950ರ ದಶಕದಲ್ಲಿ ನ್ಯೂಟ್ರಾನುಗಳಿಂದ ಹರಳಿನ ಕಂಪನಗಳನ್ನು ನೇರವಾಗಿ ಅಳೆದಾಗ ಬಾರ್ನ್ ಹೇಳಿದ್ದೇ ಸರಿಯೆಂದು ಸ್ಪಷ್ಟವಾಯಿತು. ರಾಮನ್ ಮಾತ್ರ ತಮ್ಮ ನಿಲುವನ್ನು ಬಿಡಲಿಲ್ಲ. ಲಾರ್ಡ್ ರೇಲಿ ಅವರ ಮಾತನ್ನೇ ಪರೀಕ್ಷಿಸಿ ನೋಡಿದ ಮನುಷ್ಯ ತನ್ನ ಮಾತನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಿಕೊಳ್ಳಲಿಲ್ಲ. ಹಡಗಿನ ಮೇಲಿನ ರಾಮನ್ ಅವರಿಂದ ಎಷ್ಟು ಕಲಿಯಬೇಕೋ ಈ ರಾಮನ್ ಅವರಿಂದಲೂ ಅಷ್ಟೇ ಕಲಿಯಬೇಕು.

ವಾದದಲ್ಲಿ ಸೋತರೂ ಅವರು ಬೆಳೆಸಿದ ಕೆಲಸ ಸೋಲಲಿಲ್ಲ. ಅವರ ಶಿಷ್ಯ ಆರ್.ಎಸ್. ಕೃಷ್ಣನ್ (ಮೊದಲು ಹೇಳಿದ ಕೆ.ಎಸ್. ಕೃಷ್ಣನ್ ಬೇರೆ) ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಪಾದರಸದ ಅತಿನೇರಳೆ ಗೆರೆಯನ್ನು ಬಳಸಿ ಹರಳುಗಳ ಅತಿ ಮಸುಕಾದ ಗೆರೆಗಳನ್ನೂ ಹಿಡಿದರು. ಜಿಪ್ಸಂ ಹರಳಿನೊಳಗಿನ ನೀರು, ಗ್ಲೈಸಿನ್‌ನಂಥ ಅಮೈನೋ ಆಮ್ಲಗಳ ಹರಳು ಇವೆಲ್ಲ ಅವರ ಬಳಗದ ಅಧ್ಯಯನದಲ್ಲಿದ್ದವು. ಗ್ಲೈಸಿನ್ ಹರಳಿನಲ್ಲಿ ಒಂದು ಅಣುವಿನ ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್‌ನತ್ತ ವಾಲಿರುತ್ತದೆ. ನಮ್ಮ ದೇಹದ ಪ್ರೋಟೀನುಗಳನ್ನು ಆಕಾರದಲ್ಲಿ ನಿಲ್ಲಿಸುವುದೂ ಇದೇ ಬಗೆಯ ಎಳೆತ.

ಇಂದು ಈ ವಿದ್ಯೆ ಔಷಧ ಕಾರ್ಖಾನೆಗಳಿಗೂ ಬಂದಿದೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದಕ್ಕಿಂತ ಹೆಚ್ಚು ಬಗೆಯ ಹರಳಾಗಿ ಕಟ್ಟಿಕೊಳ್ಳಬಲ್ಲದು. ಅಣು ಅದೇ, ಹೈಡ್ರೋಜನ್ ಬಂಧಗಳು ಅವುಗಳನ್ನು ಜೋಡಿಸಿದ ರೀತಿ ಬೇರೆ. ಒಂದರಲ್ಲಿ ಅಣುಗಳ ಪದರಗಳು ಮಡಿಕೆ ಮಡಿಕೆಯಾಗಿದ್ದರೆ ಇನ್ನೊಂದರಲ್ಲಿ ಸಪಾಟು. ಸಪಾಟಾದ ಬಗೆ ಒತ್ತಿದರೆ ಸುಲಭವಾಗಿ ಮಾತ್ರೆಯಾಗುತ್ತದೆ. ಪುಡಿಯನ್ನು ನೋಡಿದರೆ ಎರಡೂ ಬಿಳಿಯೇ. ಯಾವುದು ಯಾವುದೆಂದು ರಾಮನ್ ರೋಹಿತ ಹೇಳಿಬಿಡುತ್ತದೆ.

ಕೊನೆಯ ವರ್ಷಗಳು

1948ರಲ್ಲಿ ನಿವೃತ್ತರಾದ ರಾಮನ್ ಅವರು ಬೆಂಗಳೂರಿನಲ್ಲೇ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆ ಆರಂಭಿಸಿದರು. 1954ರಲ್ಲಿ ಭಾರತ ರತ್ನ ಬಂತು. ಕೊನೆಗಾಲದಲ್ಲೂ ಹೂಗಳ ಬಣ್ಣ, ರತ್ನಗಳ ಹೊಳಪು, ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ಬಗೆ ಇವುಗಳನ್ನೇ ಅಧ್ಯಯನ ಮಾಡುತ್ತಿದ್ದರು. ಶಾಲಾ ಮಕ್ಕಳು ಬಂದರೆ ತಾವೇ ಹರಳುಗಳ ಸಂಗ್ರಹ ತೋರಿಸಿ ವಿವರಿಸುತ್ತಿದ್ದರು. 1970ರ ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಆ ಜಾಗದಲ್ಲಿ ಸ್ಮಾರಕ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಮತ್ತೊಂದು ಮಾತು ಹೇಳಿ ಮುಗಿಸಬಹುದು. 1921ರಲ್ಲಿ ರಾಮನ್ ಅವರು ನೋಡಿದ ಕಡಲ ನೀಲಿಗೆ ಚದುರಿಕೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ನೀರು ಕೆಂಪು ಬೆಳಕನ್ನು ತುಸು ಹೀರಿಕೊಳ್ಳುತ್ತದೆ, ಉಳಿದದ್ದು ನೀಲಿಯಾಗಿ ಕಾಣುತ್ತದೆ. ಆ ಕೆಂಪನ್ನು ಹೀರುವುದು ಓಎಚ್ ಕಂಪನದ ಮೇಲು ಸ್ವರಗಳೇ, ತಂಬೂರಿಯ ಒಂದೇ ತಂತಿಯಲ್ಲಿ ಮೂಲ ಸ್ವರದ ಜೊತೆ ಮೇಲಿನ ಸ್ವರಗಳೂ ನುಡಿಯುವಂತೆ. ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಇರುವ ಭಾರಜಲದಲ್ಲಿ ಕಂಪನ ನಿಧಾನವಾಗುವುದರಿಂದ ಈ ನೀಲಿ ಇಲ್ಲ. ತಂತಿಯ ಕಂಪನ ಹುಡುಕುತ್ತಿದ್ದ ಆ ತರುಣನಿಗೆ ಅಣುವಿನ ಕಂಪನ ಹಡಗಿನ ಕೆಳಗೇ, ಮೈಲುಗಟ್ಟಲೆ ಬಣ್ಣವಾಗಿ ಹರಡಿಕೊಂಡಿತ್ತು.

ಮುಂದಿನ ಪರೀಕ್ಷೆಯಲ್ಲಿ ನೀರಿನ ಅಣುಗಳ ಚಿತ್ರ ಬರೆಯುವಾಗ ಚುಕ್ಕಿ ಗೆರೆಯನ್ನು ಸ್ವಲ್ಪ ನಿಧಾನವಾಗಿ ಎಳೆಯಿರಿ. ಅದು ಮೊದಲು ಊಹೆಯಾಗಿತ್ತು. ಬೆಳಗಿನ ಜಾವ ಎದ್ದು ಪ್ರಯೋಗಾಲಯಕ್ಕೆ ನಡೆದ ಒಬ್ಬರು ಮತ್ತು ಅವರ ಜೊತೆ ದುಡಿದ ಹಲವರಿಂದ ಇಂದು ಅದಕ್ಕೊಂದು ಅಳತೆ ಇದೆ.